ಸಹಾಯ ಬೇಕು: ಟರ್ಮಿನಲ್‌ನಲ್ಲಿ ಸಿಗೋ ಡಿವೈಸ್‌ಗಳು ವೆಬ್ ಪೇಜಲ್ಲಿ ಬರ್ತಿಲ್ಲ

ಮನೆ ವೈಫೈಗೆ ಏನೇನು ಕನೆಕ್ಟ್ ಆಗಿದೆ ಅಂತ ಒಂದು ಪೇಜಲ್ಲಿ ತೋರ್ಸೋಕೆ ಪಿಎಚ್‌ಪಿಲಿ ಚಿಕ್ಕ ಸ್ಕ್ರಿಪ್ಟ್ ಬರ್ದಿದೀನಿ, ಒಳಗಡೆ ಎಆರ್‌ಪಿ-ಸ್ಕ್ಯಾನ್ (ನೆಟ್‌ವರ್ಕ್‌ನಲ್ಲಿರೋ ಡಿವೈಸ್ ಹುಡ್ಕೋ ಕಮಾಂಡ್) ರನ್ ಆಗುತ್ತೆ. ಟರ್ಮಿನಲ್‌ನಲ್ಲಿ ಸುಡೊ (ಅಡ್ಮಿನ್ ಪವರ್‌ನಲ್ಲಿ ರನ್ ಮಾಡೋದು) ಹಾಕಿದ್ರೆ 11 ಡಿವೈಸ್ ನೀಟಾಗಿ ಬರುತ್ತೆ, ಪೇಜಿಂದ ಮಾತ್ರ ಖಾಲಿ, ಎರರ್ ಕೂಡ ಇಲ್ಲ! ಎರರ್ ಮೆಸೇಜೂ ಔಟ್‌ಪುಟ್‌ನಲ್ಲೇ ಬರ್ಲಿ ಅಂತ ಕಮಾಂಡ್ ಕೊನೆಗೆ 2>&1 ಸೇರ್ಸಿದ್ಮೇಲೆ ಗೊತ್ತಾಯ್ತು, ವೆಬ್ ಸರ್ವರ್ ಯೂಸರ್‌ಗೆ ಪರ್ಮಿಷನ್ನೇ ಇಲ್ಲ. ಆ ಯೂಸರ್‌ಗೆ ಸುಡೊ ಕೊಡೋಕೆ ಧೈರ್ಯ ಬರ್ತಿಲ್ಲ. ಪಿಂಗ್ (ಒಂದೊಂದು ಅಡ್ರೆಸ್‌ಗೂ ಮೆಸೇಜ್ ಕಳ್ಸಿ ಉತ್ತರ ಬರುತ್ತಾ ನೋಡೋದು) ಟ್ರೈ ಮಾಡ್ದೆ, 192.168.1.1ರಿಂದ 254ರ ತನಕ ಒಂದೊಂದಾಗಿ ಹೋಗೋಷ್ಟರಲ್ಲಿ ಪೇಜ್ ಟೈಮೌಟ್, ಸ್ಲೀಪ್‌ನಲ್ಲಿರೋ ಫೋನ್‌ಗಳಂತೂ ಉತ್ತರಾನೇ ಕೊಡಲ್ಲ.

ಈಗ ತಲೆ ಕೆಟ್ಟಿರೋದು ಇಲ್ಲೇ: ರೂಟ್ (ಅಡ್ಮಿನ್) ಕ್ರಾನ್‌ನಲ್ಲಿ, ಅಂದ್ರೆ ಟೈಮಿಗೆ ಸರಿಯಾಗಿ ತಾನೇ ಕಮಾಂಡ್ ರನ್ ಮಾಡೋ ಶೆಡ್ಯೂಲರ್‌ನಲ್ಲಿ, ನಿಮಿಷಕ್ಕೊಂದ್ಸಲ ಸ್ಕ್ಯಾನ್ ಮಾಡಿ ಜೇಸನ್ (ಡೇಟಾ ಇಡೋ ಟೆಕ್ಸ್ಟ್) ಫೈಲಿಗೆ ಬರ್ದು ಪೇಜು ಅದನ್ನ ಓದೋ ಹಾಗೆ ಮಾಡ್ಲಾ, ಇಲ್ಲ ಎಆರ್‌ಪಿ-ಸ್ಕ್ಯಾನ್‌ಗೆ ಮಾತ್ರ ಸೆಟ್‌ಕ್ಯಾಪ್‌ನಿಂದ (ಒಂದು ಪ್ರೋಗ್ರಾಮ್‌ಗೆ ಬೇಕಾದಷ್ಟೇ ಪವರ್ ಕೊಡೋ ಕಮಾಂಡ್) ಪರ್ಮಿಷನ್ ಕೊಡ್ಲಾ? ಯಾವುದು ಸೇಫು, ಮಾಡಿರೋರು ಹೇಳ್ತೀರಾ?