ಸಹಾಯ ಬೇಕು: ಟಾಂಗಾ ಕುದುರೆ ಕುಂಟುತ್ತಿದೆ

ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಟಾಂಗಾ. 7 ವರ್ಷದ ಲಕ್ಷ್ಮಿ 15 ದಿನದಿಂದ ಕುಂಟುತ್ತಿದ್ದಾಳೆ. ಮಣ್ಣಿನ ಮೇಲೆ ಅಷ್ಟು ಗೊತ್ತಾಗಲ್ಲ. ಟಾರು ರಸ್ತೆಗೆ ಬಂದರೆ ಬಲ ಮುಂಗಾಲು ಊರಿದಾಗೆಲ್ಲ ತಲೆ ಮೇಲೆತ್ತುತ್ತಾಳೆ. ಗಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದೇವೆ.

ಅವಳ ಗೊರಸಿಗೂ ಗೆಣ್ಣಿಗೂ ನಡುವಿನ ಭಾಗ ಮೊದಲಿಂದಲೂ ಕಂಬದ ಹಾಗೆ ನೆಟ್ಟಗಿದೆ. ಅದು ಓರೆಯಾಗಿದ್ದರೆ ಸ್ಪ್ರಿಂಗಿನಂತೆ ಪೆಟ್ಟು ತಾಳುತ್ತದೆ, ಇಲ್ಲದಿದ್ದರೆ ಪೆಟ್ಟೆಲ್ಲ ಕೀಲಿಗೇ. ಮೈಭಾರದ ಸುಮಾರು ಶೇ. 60 ಮುಂಗಾಲುಗಳ ಮೇಲೇ ಇರುತ್ತದೆ ಅಲ್ವಾ? ಸಾಲದ್ದಕ್ಕೆ ಕಳೆದ ಸಲ ಲಾಳ ಹೊಡೆದವರು ಗೊರಸಿನ ತುದಿ ಉದ್ದ ಬಿಟ್ಟಿದ್ದಾರೆ.

ಎಕ್ಸ್‌ರೇ ತೆಗೆದು ನೋಡುವ ಕುದುರೆ ಡಾಕ್ಟರ್, ಗೊರಸು ಸರಿಯಾಗಿ ಕತ್ತರಿಸಿ ಲಾಳ ಹೊಡೆಯುವ ನುರಿತವರು ಹತ್ತಿರದಲ್ಲಿದ್ದರೆ ದಯವಿಟ್ಟು ತಿಳಿಸಿ. ಲಾಳದಡಿ ರಬ್ಬರ್ ಪ್ಯಾಡ್ ಹಾಕಿಸಿದವರು ಯಾರಾದರೂ ಇದ್ದೀರಾ? ನೋವು ಕಮ್ಮಿ ಆಯ್ತಾ?