ಇನ್ನೊಂದು ಝಿಪ್ ಕೊಳ್ಳುವುದೋ, ಐಎಫ್‌ಎಲ್‌ಗೆ ಹೋಗುವುದೋ?

ಪ್ರಶ್ನೆ: ನಮ್ಮ ಝಡ್15ರಲ್ಲಿ (ಐಬಿಎಂನ ಮೇನ್‌ಫ್ರೇಮ್ ಕಂಪ್ಯೂಟರ್) ಎರಡು ಸಿಪಿ (ಎಲ್ಲ ಕೆಲಸಕ್ಕೂ ಆಗುವ, ಸಾಫ್ಟ್‌ವೇರ್ ಬಿಲ್‌ಗೆ ಸೇರುವ ಪ್ರೊಸೆಸರ್), ಒಂದು ಝಿಪ್ (ಜಾವಾದಂಥ ಕೆಲವು ಕೆಲಸಗಳಿಗೆ ಮಾತ್ರ, ಬಿಲ್‌ಗೆ ಸೇರದ ಪ್ರೊಸೆಸರ್) ಇವೆ. ಜಾವಾ ಕೆಲಸ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆ. ಇನ್ನೊಂದು ಝಿಪ್ ಹಾಕಿಸಬೇಕೋ, ಜಾವಾವನ್ನೇ ಐಎಫ್‌ಎಲ್ (ಲಿನಕ್ಸ್‌ಗಷ್ಟೇ ಮೀಸಲಾದ ಪ್ರೊಸೆಸರ್) ಮೇಲಿನ ಲಿನಕ್ಸ್‌ಗೆ ಸಾಗಿಸಬೇಕೋ? ಅನುಭವ ಇದ್ದವರು ತಿಳಿಸಿ.

ರಾತ್ರಿಪಾಳಿ: ಒಂದೇ ಝಿಪ್ ಸಾಕೆಂದು ಸಹಿ ಹಾಕಿದವನು ನಾನು. ಮಾರ್ಚ್ 31ರಂದು ಅದು ತುಂಬಿತು, ಮಿಕ್ಕ ಜಾವಾ ಸಿಪಿ ಮೇಲೆ ಹರಿಯಿತು, ಅದೂ ಬೆಳಿಗ್ಗೆ ಹತ್ತರಿಂದ ಎರಡರವರೆಗೆ. ನಾಲ್ಕು ಗಂಟೆಯ ಸರಾಸರಿ 412 ಎಂಎಸ್‌ಯುನಿಂದ (ಸಿಪಿ ಬಳಕೆಯ ಅಳತೆ) 455ಕ್ಕೆ ಏರಿತು. ಇಡೀ ತಿಂಗಳ ಬಿಲ್ ಆ ಗರಿಷ್ಠ ಸರಾಸರಿಯ ಮೇಲೆಯೇ ನಿಂತಿತು. ಮ್ಯಾನೇಜರ್ ಬಿಲ್ ಮುದ್ರಿಸಿ ನನ್ನ ಮೇಜಿನ ಮೇಲಿಟ್ಟು ಮಾತಾಡದೆ ಹೋದರು. ರೋಷದಲ್ಲಿ ಐಐಪಿ ಆನರ್ ಪ್ರಯಾರಿಟಿಯನ್ನು (ಝಿಪ್ ತುಂಬಿದಾಗ ಅದರ ಕೆಲಸವನ್ನು ಸಿಪಿಗೆ ಬಿಡುವ ಆಯ್ಕೆ) ‘ನೋ’ ಮಾಡಿದೆ. ಡಿಬಿ2 ಡೇಟಾಬೇಸ್‌ಗೆ ಹೊರಗಿನಿಂದ ಬರುವ ಕೆಲಸದ ಬಹುಪಾಲು ಕೂಡ ಝಿಪ್‌ನಲ್ಲೇ ಓಡುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಆನ್‌ಲೈನ್ ವಹಿವಾಟೆಲ್ಲ ಸಾಲುಗಟ್ಟಿ ನಿಂತಿತು. ಮರುದಿನವೇ ಮತ್ತೆ ‘ಯೆಸ್’.

ಪೆಂಗ್ವಿನ್ ಮೈಸೂರು: ಅದಕ್ಕೇ ನಾವು ಐಎಫ್‌ಎಲ್ ಹಿಡಿದೆವು. ಮೇನ್‌ಫ್ರೇಮ್‌ನ ಮುಖ್ಯ ಕಾರ್ಯವ್ಯವಸ್ಥೆ ಝಡ್/ಓಎಸ್‌ನ ಬಿಲ್‌ನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. 14 ತಿಂಗಳು ಹಿಡಿಯಿತು, ಒಪ್ಪುತ್ತೇನೆ. ಮೂರು ತಿಂಗಳು ಎಂದಿದ್ದರು! ಹಳೆಯ ಕೋಬಾಲ್ ಭಾಷೆಯ ಪ್ರೋಗ್ರಾಂಗಳನ್ನು ಕರೆಯುತ್ತಿದ್ದ 37 ಜಾವಾ ಪ್ರೋಗ್ರಾಂಗಳನ್ನು ಬಿಡಿಸಲು ಏಳು ತಿಂಗಳೇ ಹೋದವು. ಆದರೂ ಪಶ್ಚಾತ್ತಾಪವಿಲ್ಲ.

ರಾತ್ರಿಪಾಳಿ: ಲಿನಕ್ಸ್‌ನಿಂದ ಡಿಬಿ2ಗೆ ಬರುವ ಡಿಆರ್‌ಡಿಎ (ಜಾಲದ ಮೂಲಕದ ಡೇಟಾಬೇಸ್ ಕೋರಿಕೆ) ಕೆಲಸದಲ್ಲಿ ಶೇ. 60ರಷ್ಟು ಮಾತ್ರ ಝಿಪ್‌ಗೆ ಹೋಗುತ್ತದೆ. ಉಳಿದದ್ದು ಸಿಪಿಗೆ. ಅದನ್ನು ಬಿಲ್‌ನಲ್ಲಿ ಹುಡುಕಿದ್ದೀರಾ?

ಪೆಂಗ್ವಿನ್ ಮೈಸೂರು: ಹುಡುಕಿದ್ದರಿಂದಲೇ ಎರಡನೆಯ ಝಿಪ್ ಕೂಡ ಕೊಂಡೆವು. ನಿಮ್ಮ ಹಾಗೆ ಒಂದೇ ಸಾಕೆಂದು ಕೂರಲಿಲ್ಲ.

ರಾತ್ರಿಪಾಳಿ: ಅಂದರೆ ಎರಡಕ್ಕೂ ದುಡ್ಡು ಸುರಿದಿರಿ. ಇದನ್ನು ಮೊದಲೇ ಹೇಳಬೇಕಿತ್ತು.

ಹಳೆಯ ಸಿಸ್‌ಪ್ರಾಗ್: ಇಬ್ಬರೂ ಎಳೆಯರು. 2004ರಲ್ಲಿ ಜಾವಾಕ್ಕೆಂದೇ ಬಂದ ಝ್ಯಾಪ್ ಪ್ರೊಸೆಸರ್ ಅನ್ನು ಜಗಳವಾಡಿ ಕೊಡಿಸಿದವನು ನಾನು. 2015ರ ಝಡ್13ರಲ್ಲಿ ಝ್ಯಾಪ್ ಎಂಬುದೇ ಇಲ್ಲ! ಸಿಪಿ, ಝಿಪ್, ಐಎಫ್‌ಎಲ್ ಎಲ್ಲಕ್ಕೂ ಚಿಪ್ ಒಂದೇ, ಒಳಗಿನ ಮೈಕ್ರೋಕೋಡ್ ಬೇರೆ. ಅಷ್ಟಕ್ಕೇ ಈ ದರ್ಬಾರು. 2009ರಲ್ಲಿ ಬಂದ ಝಡ್‌ಪ್ರೈಮ್ ಎಂಬ ಬೇರೆ ಕಂಪನಿಯ ತಂತ್ರಾಂಶ ಕೋಬಾಲ್ ಅನ್ನೂ ಝಿಪ್‌ಗೆ ತಳ್ಳುತ್ತಿತ್ತು. ಐಬಿಎಂ ಜತೆ ವ್ಯಾಜ್ಯ ನಡೆದು 2011ರಲ್ಲಿ ಅದೂ ಮುಚ್ಚಿತು.

ಡಿಬಿಎ ಸುಮ: ಪರವಾನಗಿಯ ಬೇಲಿ ಹಾರಿದರೆ ಇನ್ನೇನಾಗುತ್ತದೆ ಸರ್?

ಹಳೆಯ ಸಿಸ್‌ಪ್ರಾಗ್: ಹೊಲಕ್ಕೆ ಹಣ ಕೊಟ್ಟವರು ನಾವು ಮೇಡಂ. ಬೇಲಿ ಮಾತ್ರ ಅವರದು.

ಡಿಬಿಎ ಸುಮ: ಕೊಳ್ಳುವಾಗ ಬೇಲಿ ಕಾಣಲಿಲ್ಲವೇ? ಅಗ್ಗವೆಂದು ತಾನೇ ಕೊಂಡದ್ದು?

ಪ್ರಶ್ನೆ ಕೇಳಿದವರು: ಪೆಂಗ್ವಿನ್ ಅವರೇ, ಆ ಎರಡನೆಯ ಝಿಪ್‌ಗೆ ಎಷ್ಟಾಯಿತು?

ಪೆಂಗ್ವಿನ್ ಮೈಸೂರು: ಹೇಳುವಂತಿಲ್ಲ. ಒಪ್ಪಂದದಲ್ಲಿ ಬರೆಸಿಕೊಂಡಿದ್ದಾರೆ.