ಮಗ್ಗದ ಬಗ್ಗೆ ಮಕ್ಕಳ ವಿಡಿಯೊ: 47 ನಿಮಿಷ ತೆಗೆದಿದ್ದೇವೆ, 3 ನಿಮಿಷ ಮಾಡುವುದು ಹೇಗೆ?

ಹೈಸ್ಕೂಲ್ ಮೇಡಂ:
ಎಲ್ಲರಿಗೂ ನಮಸ್ಕಾರ. ಇಳಕಲ್ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 9ನೇ ತರಗತಿಯ 12 ಮಕ್ಕಳ ಜೊತೆ ಇಳಕಲ್ ಸೀರೆ ನೇಯುವ ಬಗ್ಗೆ 3 ನಿಮಿಷದ ವಿಡಿಯೊ ಮಾಡಲು ಹೊರಟೆವು. ಶನಿವಾರ ನೇಕಾರರ ಮನೆಗೆ ಹೋಗಿ 2 ಫೋನಿನಲ್ಲಿ ತೆಗೆದುಕೊಂಡು ಬಂದೆವು. ಈಗ 47 ನಿಮಿಷ ಇದೆ. ಅವರ ಮಾತು ಮಗ್ಗದ ಸದ್ದಿನಲ್ಲಿ ಕೇಳುವುದೇ ಇಲ್ಲ, ಕೋಣೆ ಕತ್ತಲೆ, ಅರ್ಧ ವಿಡಿಯೊ ಅಡ್ಡ, ಅರ್ಧ ಉದ್ದ. ಇದಕ್ಕಿಂತ ಜಾಸ್ತಿ ಬೇಜಾರಿನ ವಿಷಯ ಏನೆಂದರೆ, ಎಡಿಟಿಂಗ್ ಒಬ್ಬ ಹುಡುಗನಿಗೆ ಮಾತ್ರ ಬರುತ್ತದೆ, ಉಳಿದವರು ಅವನ ಹಿಂದೆ ಸುಮ್ನೆ ನಿಂತು ನೋಡುತ್ತಾರೆ. ಹುಡುಗಿಯರಂತೂ ಫೋನ್ ಮುಟ್ಟಲೇ ಇಲ್ಲ. ಎಲ್ಲಿಂದ ಸರಿ ಮಾಡಲಿ?

ಚಾಕ್‌ಪೀಸ್:
ಮೇಡಂ, ಆ 47 ನಿಮಿಷ ಸದ್ಯಕ್ಕೆ ಪಕ್ಕಕ್ಕಿಡಿ. ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ಎಡಿಟಿಂಗ್ ಕಷ್ಟವಾಗುವುದು ಕಾಗದದ ಮೇಲೆ ಏನೂ ಬರೆಯದೆ ಹೋದಾಗಲೇ. ಒಂದು ಶಾಟ್ 6–7 ಸೆಕೆಂಡ್ ಅಂದುಕೊಂಡರೆ 3 ನಿಮಿಷಕ್ಕೆ 25–30 ಶಾಟ್ ಸಾಕು, ಅಂದರೆ ಪ್ರತಿ ಮಗುವಿಗೆ ಎರಡೋ ಮೂರೋ ಶಾಟ್ ಬಂತು ಅಲ್ವಾ? ಹಾಳೆಯಲ್ಲಿ ಚೌಕ ಹಾಕಿಸಿ, ತಮ್ಮ ಶಾಟ್ ಅವರೇ ಬಿಡಿಸಲಿ, ಕೆಳಗೆ ಒಂದು ಸಾಲು ಮಾತು ಬರೆಯಲಿ. ಯಾರು ಬಿಡಿಸಿದರೋ ಅವರೇ ಆ ಶಾಟ್ ತೆಗೆಯಬೇಕು. ಹುಡುಗಿಯರ ಕೈಗೆ ಫೋನ್ ತಾನಾಗಿ ಬರುತ್ತದೆ.

ಫೋನ್ ಅಡ್ಡ ಹಿಡಿದು 10 ಸೆಕೆಂಡ್ ಅಲ್ಲಾಡದೆ ನಿಲ್ಲಲಿ. ಝೂಮ್ ಬೇಡ, ಹತ್ತಿರ ನಡೆದು ಹೋಗಲಿ. ಎಡಿಟಿಂಗಿಗೆ ಮೂವರಂತೆ 4 ಗುಂಪು ಮಾಡಿ, ಗುಂಪಿಗೆ 45 ಸೆಕೆಂಡ್. ಲ್ಯಾಬಿನ ಕಂಪ್ಯೂಟರಿಗೆ ಓಪನ್‌ಶಾಟ್ ಹಾಕಿ. ಉಚಿತ, ಉಬುಂಟು ಮತ್ತು ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಆ ಹುಡುಗ ನಾಲ್ಕೂ ಗುಂಪಿಗೆ ಬಾಯಲ್ಲಿ ಹೇಳಿಕೊಡಲಿ, ಮೌಸ್ ಮಾತ್ರ ಮುಟ್ಟಬಾರದು.

ಮಗ್ಗದ ಮನೆಯವಳು:
ನಾನು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ದಯವಿಟ್ಟು ಮಗ್ಗದ ಸದ್ದನ್ನು ತೆಗೆದುಹಾಕಬೇಡಿ, ಅದು ಬೇರೆ ಬೇಕು, ಮಾತು ಬೇರೆ ಬೇಕು. ಯಾರೂ ಮಾತಾಡದೆ ಒಂದು ನಿಮಿಷ ಬರೀ ಮಗ್ಗದ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ನೇಕಾರರು ಚಹಾಕ್ಕೆ ಎದ್ದಾಗ ಫ್ಯಾನ್ ಆರಿಸಿ ಮಾತಾಡಿಸಿ. ಎರಡನೇ ಫೋನಿಗೆ ವೈರಿನ ಇಯರ್‌ಫೋನ್ ಹಾಕಿ, ಅದರ ಮೈಕನ್ನು ಅಂಗಿಗೆ ಪಿನ್ ಮಾಡಿ. ಶುರುವಿನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆದರೆ ಎಡಿಟಿಂಗಿನಲ್ಲಿ ಎರಡೂ ಫೋನಿನ ಸದ್ದು ಕೂಡಿಸುವುದು ಸುಲಭ. ಬೆಳಕಿಗೆ ಬಾಗಿಲು ತೆಗೆದಿಡಿ, ವಿಡಿಯೊ ಮಾಡುವವರ ಬೆನ್ನು ಬಾಗಿಲ ಕಡೆಗೆ ಇರಲಿ.

ಇನ್ನೊಂದು ಮಾತು. ಕೊಂಡಿ ಹಾಕುವುದನ್ನು ವಿಡಿಯೊ ತೆಗೆದಿರಾ? ಒಡಲಿನ ಹಾಸನ್ನೂ (ಉದ್ದಕ್ಕೆ ಹಾಕಿದ ಎಳೆಗಳು) ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿಯಲ್ಲಿ ಕೂಡಿಸುವುದೇ ಇಳಕಲ್ ಸೀರೆಯ ವಿಶೇಷ. ಜಿಐ ಗುರುತು, ಅಂದರೆ ಈ ಊರಿನ ವಿಶೇಷ ಎಂಬ ಸರ್ಕಾರಿ ಮಾನ್ಯತೆ, ಸಿಕ್ಕಿದ ಸೀರೆ ಇದು, ಕೊಂಡಿ ಇಲ್ಲದೆ ಅದರ ವಿಡಿಯೊ ಹೇಗೆ ಪೂರ್ತಿಯಾದೀತು? ಆ ಕೆಲಸ ದಿನಾ ಇರುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ನಮ್ಮ ಮನೆಯಲ್ಲಿ ಅದನ್ನು ಅಮ್ಮ ಮಾಡುತ್ತಿದ್ದಳು. ಬಂದವರೆಲ್ಲ ಮಗ್ಗದ ಮೇಲಿದ್ದ ಅಪ್ಪನ ಫೋಟೊ ತೆಗೆದುಕೊಂಡು ಹೋದರು, ಅಮ್ಮನದು ಒಂದೂ ಇಲ್ಲ.

ವಿಜ್ಞಾನ ಮೇಷ್ಟ್ರು:
ಎಲ್ಲಾದರೂ ಹಾಕುವ ಮುಂಚೆ ಮಕ್ಕಳ ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಡಿಜಿಟಲ್ ಮಾಹಿತಿಯ 2023ರ ಕಾನೂನಿನಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಸಿನಿಮಾ ಹಾಡು ಹಾಕಬೇಡಿ, ಯೂಟ್ಯೂಬ್‌ನಲ್ಲಿ ಕಾಪಿರೈಟ್ ತೊಂದರೆ ಬರುತ್ತದೆ. ಮೇಲೆ ಹೇಳಿದ ಮಗ್ಗದ ಸದ್ದೇ ಸಾಕು. ಮತ್ತೆ ನೇಕಾರರಿಗೆ ಮೊದಲು ತೋರಿಸಿ. ಅವರು ಬೇಡ ಅಂದ ಭಾಗ ತೆಗೆದುಬಿಡಿ.

ಹೈಸ್ಕೂಲ್ ಮೇಡಂ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ಹಾಳೆ ಕೊಟ್ಟೆ. ಕೊಂಡಿ ನಾವು ತೆಗೆದೇ ಇರಲಿಲ್ಲ. ಆ ಮನೆಯ ಅಜ್ಜಿಯೇ ಅದನ್ನು ಹಾಕುತ್ತಾರಂತೆ, ಗುರುವಾರ ಬನ್ನಿ ಅಂದಿದ್ದಾರೆ. ಶಾಲೆ ಬಿಟ್ಟ ಮೇಲೆ ಹೋಗಬೇಕು, ಐದು ಗಂಟೆಗೆ ಬೆಳಕು ಸಾಕಾಗುತ್ತದೆಯೇ?

ಮಗ್ಗದ ಮನೆಯವಳು:
ಬಾಗಿಲು ಪಡುವಣಕ್ಕಿದ್ದರೆ ಆ ಹೊತ್ತಿನ ಬಿಸಿಲು ನೇರ ಒಳಗೆ ಬರುತ್ತದೆ. ಇಲ್ಲದಿದ್ದರೆ ಅಜ್ಜಿಯನ್ನೇ ಕೇಳಿ ಮೇಡಂ, ಎಳೆ ಕಾಣುವ ಜಾಗ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರು ಕೂತಲ್ಲೇ ಫೋನ್ ಇಡಿ.